ಮೂಗಿನ ಆಪರೇಷನ್ ನಂತರ ಮತ್ತೆ ಸಿಪ್ಯಾಪ್: ಯಾವ ವಾರಕ್ಕೆ ಯಾವ ಮಾಸ್ಕ್, ಎಷ್ಟು ಒತ್ತಡ

ಮೂಗಿನ ನಡುಗೋಡೆ ನೇರ ಮಾಡಿಸಿಕೊಂಡು, ಊದಿಕೊಂಡಿದ್ದ ಟರ್ಬಿನೇಟ್‌ಗಳನ್ನು (ಮೂಗಿನ ಒಳಬದಿಯ ಉಬ್ಬುಗಳನ್ನು) ಚಿಕ್ಕದಾಗಿಸಿಕೊಂಡು 15 ದಿನ ಕಳೆದ ಮೇಲೆ ಮತ್ತೆ ಸಿಪ್ಯಾಪ್ ಯಂತ್ರದ ಗುಂಡಿ ಒತ್ತಿದೆ. ನಿದ್ರೆಯಲ್ಲಿ ಉಸಿರು ಮತ್ತೆ ಮತ್ತೆ ನಿಲ್ಲುವ ಸ್ಲೀಪ್ ಆಪ್ನಿಯಾಕ್ಕೆ ಮಾಸ್ಕಿನ ಮೂಲಕ ಒತ್ತಡದ ಗಾಳಿ ಊದುವ, ನಾಲ್ಕು ವರ್ಷ ತಲೆದಿಂಬಿನ ಪಕ್ಕದಲ್ಲೇ ಇದ್ದ ಯಂತ್ರ. ಅದೇ ಮಾಸ್ಕ್, ಅದೇ 12ರ ಒತ್ತಡ. ಆ ರಾತ್ರಿ ಮಾತ್ರ ಬಾಗಿಲು ತೆರೆದಿಟ್ಟ ಮನೆಗೆ ಬಿರುಗಾಳಿ ನುಗ್ಗಿದ ಹಾಗಾಯಿತು. ಕಣ್ಣಲ್ಲಿ ನೀರು, ತುಟಿಗಳ ನಡುವಿನಿಂದ ಪುಸ್ಸೆಂದು ಸೋರುವ ಗಾಳಿ, ಹೊಟ್ಟೆಯುಬ್ಬರ. ಹತ್ತು ನಿಮಿಷಕ್ಕೆ ಕಿತ್ತಿಟ್ಟೆ. ಮರುದಿನ ಆಪರೇಷನ್ ಮಾಡಿದವರನ್ನು ಕೇಳಿದರೆ ಯಂತ್ರದ ವಿಷಯ ನಿದ್ರೆಯ ಡಾಕ್ಟರಿಗೆ ಬಿಟ್ಟದ್ದು ಎಂದರು. ನಿದ್ರೆಯ ಡಾಕ್ಟರು ಮೂಗಿನ ವಿಷಯ ಇಎನ್‌ಟಿಯವರನ್ನೇ ಕೇಳಿ ಎಂದರು. ನಡುವೆ ಚೆಂಡಾದದ್ದು ನಾನು.

ಮಾಸ್ಕನ್ನೂ ಒತ್ತಡವನ್ನೂ ಅಳತೆ ಮಾಡಿ ಕೊಟ್ಟದ್ದು ಹಳೆಯ ಮೂಗಿಗೆ ಎಂಬ ಸರಳ ಸಂಗತಿ ತಡವಾಗಿ ಹೊಳೆಯಿತು. ಆಪರೇಷನ್ ಆದಮೇಲಿನ ಮೂಗು ಮೊದಲ ವಾರ ಒಂದು ಥರ, ಮೂರನೇ ವಾರ ಇನ್ನೊಂದು ಥರ, ಮೂರನೇ ತಿಂಗಳಿಗೆ ಮತ್ತೊಂದು ಥರ ಇರುತ್ತದೆ. ಹಾಗಾಗಿ ‘ಯಾವ ಮಾಸ್ಕ್ ಒಳ್ಳೆಯದು’ ಎಂಬ ಪ್ರಶ್ನೆಗೆ ಒಂದೇ ಉತ್ತರ ಸಿಗುವುದಿಲ್ಲ. ಈ ವಾರಕ್ಕೆ ಯಾವುದು ಎಂದು ಕೇಳಿದರೆ ಸಿಗುತ್ತದೆ. ಕೆಳಗಿನ ಹೋಲಿಕೆಗಳೆಲ್ಲ ಆ ಲೆಕ್ಕದಲ್ಲೇ ಇವೆ. ಯಂತ್ರವನ್ನು ಯಾವ ದಿನ ಮತ್ತೆ ಶುರು ಮಾಡಬೇಕೆಂಬ ಕೊನೆಯ ಮಾತು ಮಾತ್ರ ನಿಮ್ಮ ಮೂಗಿನ ಒಳಗನ್ನು ಕಣ್ಣಾರೆ ನೋಡಿದ ಸರ್ಜನ್‌ರದ್ದು.

ಯಂತ್ರ ಬಿಟ್ಟುಹೋಗುತ್ತದೆಯೇ?

ಬಹುತೇಕರಿಗೆ ಇಲ್ಲ. ಆಪರೇಷನ್‌ಗೆ ಒಪ್ಪುವಾಗ ಮನಸ್ಸಿನ ಮೂಲೆಯಲ್ಲಿ ಈ ಆಸೆ ಎಲ್ಲರಿಗೂ ಇರುತ್ತದೆ, ನನಗೂ ಇತ್ತು. ಆದರೆ ಸ್ಲೀಪ್ ಆಪ್ನಿಯಾದಲ್ಲಿ ದಾರಿ ಮುಚ್ಚಿಕೊಳ್ಳುವುದು ಹೆಚ್ಚಾಗಿ ಗಂಟಲಿನಲ್ಲಿ: ಮೃದು ಅಂಗುಳ, ಕಿರುನಾಲಿಗೆ, ನಾಲಿಗೆಯ ಬುಡ. ಮೂಗು ಅದರ ಮೇಲಿನ ಹೆಬ್ಬಾಗಿಲು ಅಷ್ಟೆ. ಗಂಟೆಗೆ ಎಷ್ಟು ಸಲ ಉಸಿರು ನಿಲ್ಲುತ್ತದೆ ಅಥವಾ ಕುಗ್ಗುತ್ತದೆ ಎಂಬುದು ಎಎಚ್‌ಐ ಅಂಕಿ. 5ರಿಂದ 15ರ ತನಕ ಸೌಮ್ಯ, 15ರಿಂದ 30 ಮಧ್ಯಮ, 30 ದಾಟಿದರೆ ತೀವ್ರ. ಬರೀ ಮೂಗಿನ ಆಪರೇಷನ್‌ನಿಂದ ಈ ಅಂಕಿ ಹೆಚ್ಚೇನೂ ಇಳಿಯುವುದಿಲ್ಲ.

ಬದಲಾಗುವುದು ಬೇರೆಯೇ. ಗಂಟಲನ್ನು ತೆರೆದಿಡಲು ಯಂತ್ರಕ್ಕೆ ಬೇಕಾಗುವ ಒತ್ತಡ ಸರಾಸರಿ 2 ಸೆಂಟಿಮೀಟರಿನಷ್ಟು ಇಳಿಯುತ್ತದೆ. ಯಂತ್ರದ ಪರದೆಯಲ್ಲಿ ಕಾಣುವ 8, 10, 12 ಎಲ್ಲವೂ ಸೆಂಟಿಮೀಟರ್ ನೀರಿನ ಲೆಕ್ಕ. 12ರಿಂದ 10ಕ್ಕೆ ಇಳಿಯುವುದು ಕಾಗದದ ಮೇಲೆ ಚಿಲ್ಲರೆ ವ್ಯತ್ಯಾಸವೆನಿಸಬಹುದು, ಮುಖಕ್ಕೆ ಕಟ್ಟಿಕೊಂಡು ಮಲಗುವವರಿಗೆ ಅದು ದೊಡ್ಡದು. ಒತ್ತಡ ಇಳಿದಂತೆ ಸೋರಿಕೆಯೂ ಹೊಟ್ಟೆಗೆ ಹೋಗುವ ಗಾಳಿಯೂ ಕಡಿಮೆಯಾಗುತ್ತವೆ, ಮಾಸ್ಕ್ ತೊಟ್ಟಿರುವ ಗಂಟೆಗಳು ಹೆಚ್ಚುತ್ತವೆ. ಮೊದಲು ಮಾಸ್ಕ್ ಸಹಿಸದೆ ಕೈಬಿಟ್ಟವರು ಆಪರೇಷನ್ ನಂತರ ಒಗ್ಗಿಕೊಳ್ಳುವುದುಂಟು. ಮೂಗಿನ ಆಪರೇಷನ್‌ನ ನಿಜವಾದ ಲಾಭ ಇದೇ.

ನಿಲ್ಲಿಸುವುದೋ, ಮುಂದುವರಿಸುವುದೋ

ಇದು ಆಪರೇಷನ್‌ಗೆ ಮುಂಚೆಯೇ ಇತ್ಯರ್ಥವಾಗಬೇಕಾದ ಪ್ರಶ್ನೆ. ಅರಿವಳಿಕೆಯ ಮಂಪರಿನಲ್ಲಿ, ಮೂಗಿನಲ್ಲಿ ಹತ್ತಿ ತುರುಕಿಕೊಂಡು ಕೇಳುವಂಥದ್ದಲ್ಲ. ಸರ್ಜನ್‌ರಲ್ಲೇ ಈ ಬಗ್ಗೆ ಏಕಾಭಿಪ್ರಾಯವಿಲ್ಲ. ಸಾಮಾನ್ಯವಾಗಿ ಮೂರು ದಾರಿಗಳು ಕಾಣುತ್ತವೆ.

ಮೊದಲನೆಯದು, ಆ ರಾತ್ರಿಯಿಂದಲೇ ಮೂಗು ಬಾಯಿ ಎರಡನ್ನೂ ಮುಚ್ಚುವ ಮಾಸ್ಕ್ ಹಾಕಿ ಯಂತ್ರ ಮುಂದುವರಿಸುವುದು. ಎಎಚ್‌ಐ 30ರ ಮೇಲಿರುವವರು, ಹೃದಯದ ತೊಂದರೆ ಇರುವವರು, ನಿದ್ರೆಯಲ್ಲಿ ಆಮ್ಲಜನಕ ತೀರಾ ಕೆಳಗಿಳಿಯುವವರು ಇವರಿಗೆಲ್ಲ ಈ ದಾರಿಯನ್ನು ಯೋಚಿಸುತ್ತಾರೆ. ಮೂಗು ಕಟ್ಟಿರುವುದರಿಂದ ಗಾಳಿ ಬಾಯಿಯ ಮೂಲಕವೇ ಒಳಹೋಗಬೇಕು. ಇಲ್ಲೊಂದು ಎಚ್ಚರಿಕೆ ಇದೆ. ಅರಿವಳಿಕೆಯ ನಂತರದ ಮೊದಲ ರಾತ್ರಿ ವಾಕರಿಕೆ ಬರಬಹುದು. ನುಂಗಿದ ರಕ್ತವೂ ವಾಂತಿ ತರಿಸುತ್ತದೆ. ಬಾಯಿ ಮುಚ್ಚುವ ಮಾಸ್ಕಿನೊಳಗೆ ವಾಂತಿಯಾದರೆ ಅದು ಶ್ವಾಸಕೋಶಕ್ಕೆ ಇಳಿಯುವ ಅಪಾಯವಿರುವುದರಿಂದ ಮಾಸ್ಕನ್ನು ಒಂದೇ ಕೈಯಲ್ಲಿ, ಕತ್ತಲಲ್ಲಿ, ಕ್ಷಣದಲ್ಲಿ ತೆಗೆಯಲು ಬರಬೇಕು. ತೀವ್ರ ಆಪ್ನಿಯಾ ಇರುವವರನ್ನು ಆ ರಾತ್ರಿ ಆಸ್ಪತ್ರೆಯಲ್ಲೇ ಉಳಿಸಿಕೊಂಡು ಬೆರಳಿಗೆ ಆಕ್ಸಿಮೀಟರ್ ಹಾಕಿ ನೋಡಿಕೊಳ್ಳುವುದು ಇಂಥ ಕಾರಣಗಳಿಗೇ.

ಎರಡನೆಯದು, ಒಂದೆರಡು ವಾರ ಬಿಡುವು. ನಡುಗೋಡೆ ಮತ್ತು ಟರ್ಬಿನೇಟ್ ಕೆಲಸ ಮಾಡಿಸಿಕೊಂಡ ಹೆಚ್ಚಿನವರಿಗೆ ಹೇಳುವುದು ಇದನ್ನೇ. ನಡುಗೋಡೆಗೆ ಆಸರೆಯಾಗಿ ಒಳಗಿಟ್ಟ ಸಿಲಿಕೋನ್ ಪಟ್ಟಿಗಳನ್ನು ಸಾಮಾನ್ಯವಾಗಿ ಒಂದು ವಾರದ ಹೊತ್ತಿಗೆ ತೆಗೆಯುತ್ತಾರೆ, ಆಮೇಲೆ ಯಂತ್ರ. ಒಣಗಾಳಿ ಹಸಿ ಗಾಯದ ಮೇಲೆ ರಾತ್ರಿಯಿಡೀ ಹೊಡೆದರೆ ಹಕ್ಕಳೆ ಕಟ್ಟುತ್ತದೆ, ಹಕ್ಕಳೆ ಕಿತ್ತಾಗ ರಕ್ತ ಬರುತ್ತದೆ ಎಂಬುದು ಇದರ ಹಿಂದಿನ ತರ್ಕ. ಒತ್ತಡದ ಮಟ್ಟಿಗೆ ಮಾತ್ರ ಒಂದು ಅಳತೆ ನೆನಪಿರಲಿ: 10 ಸೆಂಟಿಮೀಟರ್ ನೀರು ಎಂದರೆ ಪಾದರಸದ ಲೆಕ್ಕದಲ್ಲಿ ಸುಮಾರು 7 ಮಿಲಿಮೀಟರ್. ಜೋರಾಗಿ ಸಿಂಬಳ ತೆಗೆಯುವಾಗ ಮೂಗಿನೊಳಗೆ ಏಳುವ ಒತ್ತಡ ಇದರ ಹಲವು ಪಟ್ಟು. ಸಿಪ್ಯಾಪ್‌ಗೆ ಹೆದರಿ, ದಿನಕ್ಕೆ ಇಪ್ಪತ್ತು ಸಲ ಕರವಸ್ತ್ರಕ್ಕೆ ಮೂಗು ಖಾಲಿ ಮಾಡುವವರು ಈ ಲೆಕ್ಕ ನೋಡಬೇಕು.

ಮೂರನೆಯದು, ಹಲವು ವಾರಗಳ ವಿರಾಮ. ತಲೆಬುರುಡೆಯ ತಳಭಾಗ ಮುಟ್ಟಿದ ಆಪರೇಷನ್, ಮಿದುಳಿನ ದ್ರವ ಸೋರಿದ್ದನ್ನು ಮುಚ್ಚಿದ ಆಪರೇಷನ್ ಇಂಥವುಗಳ ನಂತರ ಒತ್ತಡದ ಗಾಳಿ ತಲೆಯೊಳಗೆ ನುಗ್ಗುವ ಅಪಾಯ ಇದೆ. ಇಲ್ಲಿ ನಿಮ್ಮ ಆಯ್ಕೆಯ ಪ್ರಶ್ನೆಯೇ ಬರುವುದಿಲ್ಲ. ಸರ್ಜನ್ ಹೇಳುವ ತನಕ ಯಂತ್ರದ ತಂತಿ ಗೋಡೆಗೆ ಸಿಕ್ಕಿಸಬೇಡಿ. ಸೈನಸ್ ಆಪರೇಷನ್ ಎರಡನೇ ಮತ್ತು ಮೂರನೇ ದಾರಿಗಳ ನಡುವೆ ಎಲ್ಲೋ ಬರುತ್ತದೆ. ಎಷ್ಟು ಆಳಕ್ಕೆ ಹೋಗಿದ್ದರು ಎನ್ನುವುದರ ಮೇಲೆ ಅದರ ಅವಧಿ.

ನನ್ನ ಅಭಿಪ್ರಾಯ ಕೇಳಿದರೆ, ಬಿಡುವನ್ನು ತೀರಾ ಹಗುರವಾಗಿ ತೆಗೆದುಕೊಳ್ಳುವವರೇ ಹೆಚ್ಚು. ಯಂತ್ರ ನಿಲ್ಲಿಸಿದ ಕೆಲವೇ ರಾತ್ರಿಗಳಲ್ಲಿ ಆಪ್ನಿಯಾ ಹಳೆಯ ಮಟ್ಟದ ಹತ್ತಿರಕ್ಕೆ ಮರಳುತ್ತದೆ. ಅದರ ಮೇಲೆ ಮೂಗು ಬೇರೆ ಕಟ್ಟಿರುತ್ತದೆ. ಈ ದಿನಗಳಲ್ಲಿ ತಲೆಯ ಭಾಗವನ್ನು 30 ಡಿಗ್ರಿಯಷ್ಟು ಎತ್ತರಿಸಿ ಮಲಗಿದರೆ ಊತವೂ ಇಳಿಯುತ್ತದೆ, ಉಸಿರೂ ಸಲೀಸು. ಮಗ್ಗುಲಾಗಿ ಮಲಗುವುದರಿಂದ ಅಂಗಾತ ಮಲಗಿದಾಗ ಮಾತ್ರ ಉಸಿರು ಕಟ್ಟುವವರಿಗೆ ತುಂಬ ಪ್ರಯೋಜನ, ಉಳಿದವರಿಗೆ ಅಷ್ಟಿಲ್ಲ. ಕೆಳದವಡೆಯನ್ನು ಮುಂದಕ್ಕೆ ಹಿಡಿಯುವ ಬಾಯಿಯ ಸಾಧನ ಮೊದಲೇ ಮಾಡಿಸಿಟ್ಟಿದ್ದರೆ ಈಗ ಕೆಲಸಕ್ಕೆ ಬರುತ್ತದೆ. ಈ ಎರಡು ವಾರಕ್ಕೆಂದೇ ಹೊಸದಾಗಿ ಮಾಡಿಸಹೊರಟರೆ ಅಳತೆ, ಹೊಂದಾಣಿಕೆ ಮುಗಿಯುವಷ್ಟರಲ್ಲಿ ಮೂಗೇ ವಾಸಿಯಾಗಿರುತ್ತದೆ. ಮದ್ಯ, ನಿದ್ರೆ ಮಾತ್ರೆ ಬೇಡ. ನೋವಿನ ಮಾತ್ರೆಯಲ್ಲಿ ಕೊಡೀನ್, ಟ್ರಮಡಾಲ್‌ನಂಥ ಓಪಿಯಾಯ್ಡ್ ಇದೆಯೇ ಎಂದು ಕೇಳಿಕೊಳ್ಳಿ. ಅವು ಉಸಿರಾಟದ ಚಾಲನೆಯನ್ನೇ ಮಂದ ಮಾಡುತ್ತವೆ. ಹಗಲು ತೂಕಡಿಕೆ ಇದ್ದರೆ ವಾಹನದ ಚಕ್ರ ಬೇರೆಯವರ ಕೈಯಲ್ಲಿರಲಿ.

ಮಾಸ್ಕ್: ಹೆಚ್ಚು ಯೋಚಿಸಬೇಕಾದ ಜಾಗ

ಮೂಗಿಗಿಂತ ಮೂಗುತಿ ಭಾರವಾಗಬಾರದು. ಆಪರೇಷನ್ ಆದಮೇಲೆ ಈ ಗಾದೆಯನ್ನು ಅಕ್ಷರಶಃ ತೆಗೆದುಕೊಳ್ಳಬೇಕು. ಯಾವ ಮಾಸ್ಕ್ ಎಲ್ಲಿ ಒತ್ತುತ್ತದೆ, ಆಪರೇಷನ್ನಿನ ಕೊಯ್ತ ಎಲ್ಲಿದೆ ಎಂಬ ಎರಡು ಸಂಗತಿ ಒಂದರ ಪಕ್ಕ ಒಂದಿಟ್ಟು ನೋಡಿದರೆ ಅರ್ಧ ತೀರ್ಮಾನ ತಾನಾಗಿ ಆಗುತ್ತದೆ.

ಮುಖದ ಪೂರ್ಣ ಮಾಸ್ಕ್ ಮೂಗಿನ ಸೇತುವೆಯಿಂದ ಗಲ್ಲದ ತನಕ ಮುಚ್ಚುತ್ತದೆ. ಮೂಗು ಕಟ್ಟಿದ್ದರೂ ಗಾಳಿ ತಲುಪುತ್ತದೆ, ಮೂಗಿನ ಹೊಳ್ಳೆಗಳನ್ನು ಮುಟ್ಟುವುದಿಲ್ಲ. ಮೊದಲ ಎರಡು ಮೂರು ವಾರಕ್ಕೆ ಹೆಚ್ಚಿನವರು ಇದಕ್ಕೇ ಕೈಹಾಕುವುದು ಈ ಕಾರಣಕ್ಕೆ. ಒಂದೇ ಒಂದು ಕಡೆ ಅದು ಸಲ್ಲುವುದಿಲ್ಲ: ಮೂಗಿನ ಆಕಾರವನ್ನೇ ಬದಲಿಸುವ ರೈನೋಪ್ಲಾಸ್ಟಿಯಲ್ಲಿ ಮೂಳೆ ಕತ್ತರಿಸಿ ಕೂರಿಸಿರುತ್ತಾರೆ. ಸೇತುವೆಯ ಮೇಲೆ ಕೂರುವ ಯಾವ ಮಾಸ್ಕೂ ಅಲ್ಲಿ ಬೇಡ. ಅವರಿಗೆ ಮೂಗಿನ ಕೆಳಗಷ್ಟೇ ಕೂತು ಬಾಯನ್ನೂ ಮುಚ್ಚುವ ಹೈಬ್ರಿಡ್ ಮಾಸ್ಕ್ ಉತ್ತಮ, ಸರ್ಜನ್ ಒಪ್ಪಿದ ಮೇಲೆ. ಹೈಬ್ರಿಡ್‌ನಲ್ಲಿ ಕನ್ನಡಕ ಹಾಕಿ ಓದಬಹುದು, ಕಣ್ಣಿಗೆ ಗಾಳಿ ಹೊಡೆಯುವುದಿಲ್ಲ. ಆದರೆ ಅದರ ಮೇಲಂಚು ಎರಡು ಹೊಳ್ಳೆಗಳ ನಡುವಿನ ಕಂಬಕ್ಕೆ ತಾಗುತ್ತದೆ.

ಪೂರ್ಣ ಮಾಸ್ಕಿಗೆ ಜನ ಅಂಟಿಕೊಂಡುಬಿಡುತ್ತಾರೆ ಎಂಬುದೇ ನನ್ನ ತಕರಾರು. 1981ರಲ್ಲಿ ಆಸ್ಟ್ರೇಲಿಯಾದ ಕಾಲಿನ್ ಸಲಿವನ್ ಮತ್ತು ಸಂಗಡಿಗರು ಈ ಚಿಕಿತ್ಸೆಯನ್ನು ಮೊದಲ ಬಾರಿ ಪ್ರಕಟಿಸಿದಾಗ ಗಾಳಿ ಕೊಟ್ಟದ್ದು ಮೂಗಿನ ಮೂಲಕ. ಅದಕ್ಕೊಂದು ಅರ್ಥವಿದೆ. ಮೂಗಿನಿಂದ ಬಂದ ಗಾಳಿ ಮೃದು ಅಂಗುಳವನ್ನು ಹಿಂದಿನಿಂದ ಮುಂದಕ್ಕೆ ತಳ್ಳಿ ದಾರಿ ಬಿಡಿಸುತ್ತದೆ. ಬಾಯಿಗೂ ಅದೇ ಒತ್ತಡ ಬಂದಾಗ ಆ ಲಾಭ ಕುಗ್ಗುತ್ತದೆ, ಜೊತೆಗೆ ಮಾಸ್ಕಿನ ಪಟ್ಟಿ ಗಲ್ಲವನ್ನು ಹಿಂದಕ್ಕೆ ಎಳೆಯುತ್ತದೆ. ಪೂರ್ಣ ಮಾಸ್ಕಿನಲ್ಲಿ ಹೆಚ್ಚು ಒತ್ತಡ ಬೇಕಾಗುವುದು, ಸೋರಿಕೆ ಹೆಚ್ಚುವುದು, ಯಂತ್ರ ಹಾಕಿದ ಮೇಲೂ ಉಳಿಯುವ ಎಎಚ್‌ಐ, ಅಂದರೆ ಉಳಿಕೆ ಎಎಚ್‌ಐ, ತುಸು ಮೇಲಿರುವುದು ಸಾಮಾನ್ಯ. ಮೂಗು ತೆರೆಯಲೆಂದೇ ಆಪರೇಷನ್ ಮಾಡಿಸಿಕೊಂಡವರು ಮೂಗು ತೆರೆದ ಮೇಲೂ ಬಾಯಿಯಲ್ಲೇ ಉಸಿರಾಡಿದರೆ ಮಾಡಿಸಿದ್ದು ಏಕೆ?

ಮೂಗಿನ ಮಾಸ್ಕ್, ಅಂದರೆ ಮೂಗನ್ನು ಮಾತ್ರ ತ್ರಿಕೋನದಂತೆ ಮುಚ್ಚುವಂಥದ್ದು, ಮೂರು ನಾಲ್ಕನೇ ವಾರದಿಂದ ಪ್ರಯತ್ನಿಸಲು ತಕ್ಕದ್ದು. ಎರಡೂ ಹೊಳ್ಳೆಗಳಲ್ಲಿ ಹಗಲು ಹೊತ್ತು ಬಾಯಿ ಮುಚ್ಚಿ ಹತ್ತು ನಿಮಿಷ ಆರಾಮಾಗಿ ಉಸಿರಾಡಲು ಆಗುತ್ತದೆಯೇ ನೋಡಿ. ಆಗುವುದಾದರೆ ಬದಲಿಸುವ ಹೊತ್ತು ಬಂತು. ಒತ್ತಡ ಅಗಲವಾಗಿ ಹಂಚಿಹೋಗುತ್ತದೆ, ಹೊಳ್ಳೆಯ ಒಳಗೆ ಏನೂ ಹೋಗುವುದಿಲ್ಲ. ತೊಟ್ಟಿಲಿನಂತೆ ಮೂಗಿನ ಕೆಳಗೆ ಕೂರುವ ಕ್ರೇಡಲ್ ಮಾಸ್ಕ್ ಇನ್ನೂ ಹಗುರ, ಆದರೆ ಮೂಗಿನ ತುದಿ ಇನ್ನೂ ಗಡುಸಾಗಿದ್ದರೆ ಮುಟ್ಟಿದ ಕಡೆ ನೋಯುತ್ತದೆ. ಅದನ್ನು ಮತ್ತೆರಡು ವಾರ ಮುಂದೂಡಿ.

ಹೊಳ್ಳೆಯೊಳಗೆ ಪುಟ್ಟ ಬಿರಡೆಗಳಂತೆ ಕೂರುವ ನೇಸಲ್ ಪಿಲ್ಲೋ ಅನೇಕರ ಅಚ್ಚುಮೆಚ್ಚು, ನನ್ನದೂ ಹೌದು. ಆದರೆ ಈ ಪಟ್ಟಿಯಲ್ಲಿ ಅದು ಕೊನೆಯಲ್ಲಿ. ನಡುಗೋಡೆಯ ಆಪರೇಷನ್‌ನಲ್ಲಿ ಕೊಯ್ತವೂ ಹೊಲಿಗೆಯೂ ಇರುವುದು ಹೊಳ್ಳೆಯ ಬಾಯಲ್ಲೇ, ಮುಂಭಾಗದಲ್ಲಿ. ಪಿಲ್ಲೋ ಉಜ್ಜುವುದು ಸರಿಯಾಗಿ ಅದೇ ಜಾಗವನ್ನು. ಗಾಳಿಯೂ ಕೊಳವೆಯಿಂದ ಚಿಮ್ಮಿದಂತೆ ನೇರ ಒಳಗೋಡೆಗೆ ಬಡಿಯುತ್ತದೆ. ಆರು ವಾರಕ್ಕೆ ಮೊದಲು ನಾನಾದರೆ ಅದನ್ನು ಮುಟ್ಟುವುದಿಲ್ಲ, ಆಮೇಲೂ ಸರ್ಜನ್ ಒಳಗೆ ಬೆಳಕು ಬಿಟ್ಟು ನೋಡಿ ಸರಿ ಎಂದ ಮೇಲೆಯೇ. ಬಾಯಿಗೆ ಮಾತ್ರ ಹಾಕುವ ಓರಲ್ ಮಾಸ್ಕ್ ಎಂಬುದೂ ಇದೆ. ಮೂಗು ಪೂರ್ತಿ ಬಂದ್ ಆದವರಿಗೆ ಕೆಲವು ರಾತ್ರಿ ದಾಟಿಸಬಹುದು, ಬಾಯಿ ಮಾತ್ರ ಮರಳುಗಾಡಾಗುತ್ತದೆ.

ಇಷ್ಟರ ಜೊತೆ ಒಂದು ವಿಷಯವನ್ನು ಯಾರೂ ಹೇಳಿರಲಿಲ್ಲ. ನಡುಗೋಡೆಯ ಆಪರೇಷನ್ ನಂತರ ಮೂಗಿನ ತುದಿ, ಮೇಲ್ದುಟಿ, ಮೇಲಿನ ಮುಂಹಲ್ಲುಗಳು ಕೆಲವು ವಾರ ಜೋಮು ಹಿಡಿದಂತೆ ಇರಬಹುದು. ಜೋಮು ಹಿಡಿದ ಚರ್ಮಕ್ಕೆ ಮಾಸ್ಕ್ ಒತ್ತಿದ್ದು ತಿಳಿಯುವುದಿಲ್ಲ. ಸಡಿಲ ಎನಿಸಿ ಪಟ್ಟಿ ಬಿಗಿ ಮಾಡುತ್ತೀರಿ, ಬೆಳಿಗ್ಗೆ ಕನ್ನಡಿಯಲ್ಲಿ ಕೆಂಪು ಬರೆ. ಮಾಸ್ಕ್ ತೆಗೆದ ಅರ್ಧ ಗಂಟೆಯಲ್ಲಿ ಆ ಗುರುತು ಮಾಯವಾಗದಿದ್ದರೆ ಬಿಗಿ ಹೆಚ್ಚಾಯಿತೆಂದೇ ಲೆಕ್ಕ. ಊತ ಇಳಿಯುತ್ತ ಹೋದಂತೆ ಕುಶನ್ನಿನ ಅಳತೆಯೂ ಬದಲಾಗಬಹುದು. ಮೊದಲ ವಾರ ಹೊಂದಿದ್ದು ಆರನೇ ವಾರ ಸೋರಿದರೆ ಪಟ್ಟಿಯನ್ನು ದೂರುವ ಮೊದಲು ಮೂಗನ್ನು ಮತ್ತೆ ಅಳೆಯಿಸಿ. ಮತ್ತೊಂದು ಮಾತು, ಮಾಸ್ಕಿನ ಕೊಂಡಿಗಳಲ್ಲಿ ಅಯಸ್ಕಾಂತ ಇದ್ದರೆ ಪೇಸ್‌ಮೇಕರ್‌ನಂಥ ಉಪಕರಣ ದೇಹದಲ್ಲಿರುವವರು ಅದನ್ನು ದೂರವಿಡಬೇಕು. ಪಕ್ಕದಲ್ಲಿ ಮಲಗುವವರ ದೇಹದಲ್ಲಿದ್ದರೂ ಅಷ್ಟೇ.

ಮೂಗು ಹಿಡಿದರೆ ಬಾಯಿ ಬಿಡುತ್ತಾರೆ ಎನ್ನುವುದು ಬರೀ ಗಾದೆಯಲ್ಲ, ಆಪ್ನಿಯಾ ಇರುವವರ ಹಲವು ವರ್ಷಗಳ ಅಭ್ಯಾಸ. ಮೂಗು ತೆರೆದ ಮೇಲೂ ಬಾಯಿ ರಾತ್ರಿ ತಾನಾಗಿ ತೆರೆದುಕೊಳ್ಳುತ್ತದೆ. ಗಲ್ಲಪಟ್ಟಿ ಕೆಲವರಿಗೆ ಒಗ್ಗುತ್ತದೆ. ತುಟಿಗೆ ಟೇಪ್ ಅಂಟಿಸಿಕೊಳ್ಳುವ ಸಲಹೆ ಎಲ್ಲೆಡೆ ಸಿಗುತ್ತದೆ. ಮೂಗು ಇನ್ನೂ ಹಕ್ಕಳೆಯಿಂದ ಕಟ್ಟಿಕೊಳ್ಳುವ ಈ ವಾರಗಳಲ್ಲಿ ಅದು ಖಂಡಿತ ಬೇಡ.

ಒತ್ತಡ: ಸ್ಥಿರವೋ, ಆಟೋವೋ?

ಹಳೆಯ ಮೂಗಿಗೆ ನಿಗದಿಯಾದ ಒಂದೇ ಸ್ಥಿರ ಒತ್ತಡದಲ್ಲಿ ಮರಳಿ ಶುರುಮಾಡುವುದು ನಾನು ಮಾಡಿದ ತಪ್ಪು. ಸ್ಥಿರ ಒತ್ತಡದ ಗುಣ ಅದರ ನೆಮ್ಮದಿ: ರಾತ್ರಿಯಿಡೀ ಒಂದೇ ಸಮ, ನಿದ್ರೆ ಕೆಡಿಸುವ ಏರಿಳಿತ ಇಲ್ಲ. ಆದರೆ ಎಷ್ಟು ಬೇಕೆಂಬುದೇ ವಾರದಿಂದ ವಾರಕ್ಕೆ ಬದಲಾಗುವ ಕಾಲದಲ್ಲಿ ಅದು ಮೊಂಡು. ಆಟೋ ಯಂತ್ರ ಕೆಳಮಿತಿ ಮೇಲ್ಮಿತಿಗಳ ನಡುವೆ ಬೇಕಾದ ಒತ್ತಡವನ್ನು ಪ್ರತಿ ರಾತ್ರಿ ತಾನೇ ಹುಡುಕಿಕೊಳ್ಳುತ್ತದೆ. ಗುಣವಾಗುವ ಎರಡು ಮೂರು ತಿಂಗಳಿಗೆ ನನ್ನ ಮತ ಆಟೋಗೆ. ನಿಮ್ಮ ಯಂತ್ರ ಸ್ಥಿರ ಸೆಟ್ಟಿಂಗ್‌ನಲ್ಲಿದ್ದರೂ ಒಳಗೆ ಆಟೋ ಸೌಲಭ್ಯ ಇರಬಹುದು. ನಿದ್ರೆಯ ಡಾಕ್ಟರು ದೂರದಿಂದಲೇ ಅದನ್ನು ಬದಲಿಸುವ ವ್ಯವಸ್ಥೆ ಈಗಿನ ಅನೇಕ ಯಂತ್ರಗಳಲ್ಲಿ ಇದೆ.

ಆದರೆ 4ರಿಂದ 20ರ ತನಕ ಪೂರ್ತಿ ಅಗಲಕ್ಕೆ ಬಿಟ್ಟುಬಿಡುವುದು ಸೋಮಾರಿ ಸೆಟ್ಟಿಂಗ್. 4ರಲ್ಲಿ ಹಲವರಿಗೆ ಗಾಳಿ ಸಾಲದೆ ಉಸಿರುಗಟ್ಟಿದ ಹಾಗಾಗುತ್ತದೆ. ಮೇಲ್ಮಿತಿ ಹೆಚ್ಚಿದ್ದರೆ ಮಾಸ್ಕ್ ಸೋರಿದ ರಾತ್ರಿ ಯಂತ್ರ ದಾರಿತಪ್ಪಿ ಏರುತ್ತ ಹೋಗಬಹುದು. ಹಳೆಯ ಒತ್ತಡಕ್ಕಿಂತ ನಾಲ್ಕು ಕೆಳಗಿನಿಂದ ಹಳೆಯ ಒತ್ತಡದ ತನಕ ಎಂಬಂಥ ಕಿರಿದಾದ ಹರವನ್ನು ಡಾಕ್ಟರ ಮುಂದಿಟ್ಟು ಕೇಳಿ. ಎರಡು ವಾರದ ನಂತರ ವರದಿಯಲ್ಲಿ ಮೂರು ಅಂಕಿ ನೋಡಬೇಕು. ರಾತ್ರಿಯ ಶೇಕಡ 95 ಭಾಗ ಯಾವ ಒತ್ತಡದ ಒಳಗೆ ಕಳೆಯಿತು, ಉಳಿಕೆ ಎಎಚ್‌ಐ 5ರ ಕೆಳಗಿದೆಯೇ, ಸೋರಿಕೆ ಎಷ್ಟು. ಸೋರಿಕೆ ಹೆಚ್ಚಿದ್ದರೆ ಉಳಿದೆರಡು ಅಂಕಿಗಳನ್ನು ನಂಬಬೇಡಿ.

ಉಸಿರು ಬಿಡುವಾಗ ಒತ್ತಡವನ್ನು 1ರಿಂದ 3ರ ತನಕದ ಹಂತಗಳಲ್ಲಿ ಇಳಿಸುವ ಸೌಕರ್ಯ, ರೆಸ್‌ಮೆಡ್ ಯಂತ್ರದಲ್ಲಿ ಇಪಿಆರ್, ಫಿಲಿಪ್ಸ್ ಯಂತ್ರದಲ್ಲಿ ಫ್ಲೆಕ್ಸ್ ಎಂಬ ಹೆಸರಿನದು, ನೋವಿರುವ ಮೂಗಿಗೆ ಹಿತ. ಕೆಲವರಲ್ಲಿ ಅದನ್ನು ಪೂರ್ತಿ ಏರಿಸಿದಾಗ ಒಟ್ಟು ಒತ್ತಡ ಸಾಲದೆ ಉಸಿರು ನಿಲ್ಲುವ ಘಟನೆಗಳು ಹೆಚ್ಚುತ್ತವೆ. ಹಾಗಾಗಿ ಬದಲಿಸಿದ ಮೇಲೆ ಎಎಚ್‌ಐ ನೋಡಿಕೊಳ್ಳಿ. ಸಣ್ಣ ಒತ್ತಡದಿಂದ ಶುರುವಾಗಿ ನಿಧಾನಕ್ಕೆ ಏರುವ ರ‍್ಯಾಂಪ್ ನಿದ್ರೆ ಹತ್ತುವ ತನಕದ ಸಹಾಯ, ಅಷ್ಟೆ. ಉಸಿರು ಎಳೆಯುವಾಗ ಒಂದು, ಬಿಡುವಾಗ ಇನ್ನೊಂದು ಒತ್ತಡ ಕೊಡುವ ಬೈಲೆವೆಲ್ ಯಂತ್ರಕ್ಕೆ ಈ ಹಂತದಲ್ಲಿ ಹಾರುವ ಅಗತ್ಯ ಕಡಿಮೆ ಜನರಿಗೆ. ಹೆಚ್ಚಿನ ಒತ್ತಡ ಬೇಕಿದ್ದು ಅದನ್ನು ತಡೆಯಲಾಗದವರಿಗೆ ಅದು. ವರದಿಯಲ್ಲಿ ಸೆಂಟ್ರಲ್ ಅಥವಾ ಕ್ಲಿಯರ್ ಏರ್‌ವೇ ಎಂಬ ಸಾಲಿನ ಅಂಕಿ ದಿಢೀರ್ ಏರಿದರೆ, ಅದು ದಾರಿ ಮುಚ್ಚಿದ್ದರಿಂದಲ್ಲ, ಮಿದುಳು ಉಸಿರಿನ ಆದೇಶ ತಡಮಾಡಿದ್ದರಿಂದ. ಒತ್ತಡ ಹೆಚ್ಚಾದಾಗಲೂ ಹೀಗಾಗುತ್ತದೆ. ಎಷ್ಟೋ ಸಲ ಕೆಲವು ವಾರಗಳಲ್ಲಿ ತಾನೇ ತಗ್ಗುತ್ತದೆ. ತಗ್ಗದಿದ್ದರೆ ಡಾಕ್ಟರಿಗೆ ತೋರಿಸಿ. ಸ್ವಂತ ಬುದ್ಧಿಯಿಂದ ಇನ್ನೂ ಏರಿಸಬೇಡಿ.

ನಿದ್ರೆಯ ಪರೀಕ್ಷೆಯನ್ನು ಮರಳಿ ಮಾಡಿಸುವುದಾದರೆ ಮೂಗು ಪೂರ್ತಿ ಗುಣವಾದ ಮೇಲೆ, ಸುಮಾರು ಮೂರು ತಿಂಗಳಿಗೆ. ಮೂರನೇ ವಾರಕ್ಕೆ ಮಾಡಿಸಿದರೆ ಊತವನ್ನು ಅಳೆದ ಹಾಗೆ.

ತೇವ, ಮತ್ತು ಮೂಗಿಗೆ ಹಾಕುವ ವಸ್ತುಗಳು

ಮೊದಲು ಗಾಳಿಗೆ ತೇವ ಸೇರಿಸುವ ಹ್ಯೂಮಿಡಿಫೈಯರ್ ಇಲ್ಲದೆ ಮಲಗುತ್ತಿದ್ದವರೂ ಈಗ ಅದನ್ನು ಹಚ್ಚಲೇಬೇಕು. ಬಿಸಿ ನೀರಿನ ತೊಟ್ಟಿ ಮಾತ್ರ ಇದ್ದು ಕೊಳವೆ ಸಾದಾ ಆಗಿದ್ದರೆ, ಕೋಣೆ ತಣ್ಣಗಿದ್ದಾಗ ತೇವ ಕೊಳವೆಯಲ್ಲೇ ನೀರಾಗಿ ಮಧ್ಯರಾತ್ರಿ ಮೂಗಿಗೆ ತೊಟ್ಟಿಕ್ಕುತ್ತದೆ. ಬಿಸಿಯಾಗುವ ಕೊಳವೆ ಈ ತಾಪತ್ರಯ ತಪ್ಪಿಸುತ್ತದೆ. ಈ ಎಲ್ಲ ಉಪಕರಣಗಳಲ್ಲಿ ಒಂದಕ್ಕೇ ಹಣ ಹಾಕುವುದಾದರೆ ನಾನು ಹಾಕುವುದು ಇದಕ್ಕೆ. ಅದಿಲ್ಲದಿದ್ದರೆ ತೇವದ ಮಟ್ಟ ಒಂದು ಹಂತ ಇಳಿಸಿ, ಕೊಳವೆಯನ್ನು ಹೊದಿಕೆಯೊಳಗೆ ಹಾಯಿಸಿಕೊಳ್ಳಿ. ತೊಟ್ಟಿಗೆ ಡಿಸ್ಟಿಲ್ಡ್ ನೀರು, ಪ್ರತಿದಿನ ಬದಲಾವಣೆ. ನೀಲಗಿರಿ ಎಣ್ಣೆ, ಸುವಾಸನೆಯ ಹನಿ ಯಾವುದೂ ಬೇಡ. ಓಜೋನ್‌ನಿಂದ ಸ್ವಚ್ಛ ಮಾಡುವ ಪೆಟ್ಟಿಗೆಗಳ ಬಗ್ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2020ರಲ್ಲೇ ಎಚ್ಚರಿಸಿದೆ. ಸೋಪು ನೀರು ಸಾಕು. ಬೀರುವಿನಿಂದ ಹಳೆಯ ಯಂತ್ರ ತೆಗೆದು ಬಳಸಹೊರಟವರು ಇನ್ನೊಂದನ್ನು ನೋಡಿಕೊಳ್ಳಿ: ಶಬ್ದ ತಗ್ಗಿಸುವ ಫೋಮ್ ಪುಡಿಯಾಗುವ ತೊಂದರೆಗಾಗಿ ಫಿಲಿಪ್ಸ್ ತನ್ನ ಅನೇಕ ಮಾದರಿಗಳನ್ನು 2021ರ ಜೂನ್‌ನಲ್ಲಿ ಹಿಂದಕ್ಕೆ ಕರೆದಿತ್ತು.

ಉಪ್ಪುನೀರಿನ ಸ್ಪ್ರೇ ಮತ್ತು ಬಾಟಲಿಯ ತೊಳೆತ ಎರಡೂ ಒಂದೇ ಕೆಲಸ ಮಾಡುವುದಿಲ್ಲ. ಸ್ಪ್ರೇ ಒದ್ದೆ ಮಾಡುತ್ತದೆ, ಹಗಲು ಎಷ್ಟು ಸಲವಾದರೂ ಹಾಕಬಹುದು. ಸುಮಾರು 240 ಮಿಲಿಲೀಟರ್ ನೀರಿನಲ್ಲಿ ಮೂಗು ತೊಳೆಯುವುದು ಹಕ್ಕಳೆಯನ್ನು ಸಡಿಲಿಸಿ ಹೊರತಳ್ಳುತ್ತದೆ. ಯಾವ ದಿನದಿಂದ ತೊಳೆಯಬೇಕೆಂದು ಸರ್ಜನ್ ಹೇಳುತ್ತಾರೆ. ನೀರು ಡಿಸ್ಟಿಲ್ಡ್ ಆಗಿರಬೇಕು ಅಥವಾ ಕುದಿಸಿ ಆರಿಸಿದ್ದಾಗಿರಬೇಕು. ನಲ್ಲಿಯ ನೀರು ಕುಡಿಯಲು ಯೋಗ್ಯವಾಗಿದ್ದರೂ ಅದರ ಅಮೀಬಾ ಮೂಗಿನ ಮೂಲಕ ಮಿದುಳಿಗೆ ಹೋದರೆ ಪ್ರಾಣಕ್ಕೇ ಸಂಚಕಾರ. ಸೈನಸ್‌ಗಳಲ್ಲಿ ಉಳಿದ ನೀರು ಯಂತ್ರ ಹಚ್ಚಿದ ಕೂಡಲೇ ಮಾಸ್ಕಿಗೆ ಸುರಿಯುವುದರಿಂದ ಮಲಗುವ ಒಂದು ಗಂಟೆ ಮುಂಚೆಯೇ ತೊಳೆದುಕೊಳ್ಳುವುದು ಲೇಸು.

ಆಕ್ಸಿಮೆಟಜೋಲಿನ್‌ನಂಥ ಮೂಗು ತೆರೆಸುವ ಹನಿ ಐದು ನಿಮಿಷದಲ್ಲಿ ಸ್ವರ್ಗ ತೋರಿಸುತ್ತದೆ, ಮೂರು ದಿನ ದಾಟಿದರೆ ಅದೇ ಮೂಗನ್ನು ಕಟ್ಟಿಸುತ್ತದೆ. ಅಲರ್ಜಿ ಇರುವವರಿಗೆ ಕೊಡುವ ಫ್ಲೂಟಿಕಸೋನ್, ಮೊಮೆಟಸೋನ್ ಸ್ಪ್ರೇಗಳು ಇದಕ್ಕೆ ತದ್ವಿರುದ್ಧ: ಪೂರ್ತಿ ಕೆಲಸ ಮಾಡಲು ದಿನಗಳೇ ಬೇಕು, ಆದರೆ ತಿಂಗಳುಗಟ್ಟಲೆ ಬಳಸಬಹುದು. ಸಿಂಪಡಿಸುವಾಗ ತುದಿಯನ್ನು ನಡುಗೋಡೆಯ ಕಡೆಗಲ್ಲ, ಕಣ್ಣಿನ ಹೊರಮೂಲೆಯ ಕಡೆ ತಿರುಗಿಸಬೇಕು. ಒಣಗಿದ ಹೊಳ್ಳೆಗೆ ನೀರಿನ ಮೂಲದ ಸಲೈನ್ ಜೆಲ್ ಹಚ್ಚಿ. ಪೆಟ್ರೋಲಿಯಂ ಜೆಲ್ಲಿ ಮಾಸ್ಕಿನ ಜೊತೆ ಬೇಡ.

ಒಗ್ಗಿಸಿಕೊಳ್ಳುವುದು

ಒಂದೇ ರಾತ್ರಿ ಎಂಟು ಗಂಟೆಗೆ ಹಟ ಹಿಡಿಯುವವರಿದ್ದಾರೆ, ಹಗಲು ಸ್ವಲ್ಪ ಸ್ವಲ್ಪ ಅಭ್ಯಾಸ ಮಾಡುವವರಿದ್ದಾರೆ. ಬಿಡುವು ಎರಡು ವಾರಕ್ಕಿಂತ ಕಡಿಮೆ ಇದ್ದರೆ ಹಟವೇ ಸಾಕು, ಮೈ ಮರೆತಿರುವುದಿಲ್ಲ. ಮಾಸ್ಕ್ ಕಂಡರೆ ಎದೆ ಹೊಡೆದುಕೊಳ್ಳುವವರು ಸಂಜೆ ಕುರ್ಚಿಯಲ್ಲಿ ಕೂತು, ಏನಾದರೂ ನೋಡುತ್ತ, ಇಪ್ಪತ್ತು ನಿಮಿಷ ಯಂತ್ರ ಹಚ್ಚಿಕೊಂಡಿರಿ. ರಾತ್ರಿ ಎರಡು ಗಂಟೆಗೆ ತಾನಾಗಿ ಕಿತ್ತು ಎಸೆದಿದ್ದರೆ, ಎಚ್ಚರವಾದಾಗ ಮತ್ತೆ ಹಾಕಿಕೊಳ್ಳಿ, ಅಷ್ಟೇ. ಸೀನು, ನೀರುಮೂಗು ಮೊದಲ ಕೆಲವು ರಾತ್ರಿ ಇದ್ದೇ ಇರುತ್ತದೆ. ತೇವ ಏರಿಸಿದರೆ ಹೆಚ್ಚಿನಂಶ ಇಳಿಯುತ್ತದೆ.

ಯಂತ್ರ ನಿಲ್ಲಿಸಿ ಸರ್ಜನ್‌ಗೆ ಫೋನ್ ಮಾಡಬೇಕಾದ ಸಂದರ್ಭಗಳು ಬೇರೆ. ಮುಂದಕ್ಕೆ ಬಾಗಿ ಹೊಳ್ಳೆ ಒತ್ತಿ ಹಿಡಿದರೂ 15 ನಿಮಿಷದಲ್ಲಿ ನಿಲ್ಲದ ರಕ್ತ. ಒಂದೇ ಹೊಳ್ಳೆಯಿಂದ, ಬಾಗಿದಾಗ ತೊಟ್ಟಿಕ್ಕುವ, ನೀರಿನಷ್ಟು ತಿಳಿಯಾದ, ಉಪ್ಪುಪ್ಪಾದ ದ್ರವ. ಕೆನ್ನೆ ಅಥವಾ ಕಣ್ಣಿನ ಸುತ್ತ ದಿಢೀರ್ ಊತ, ಒತ್ತಿದರೆ ಚರ್ಮದಡಿ ಚರಪರ ಎನ್ನುವುದು, ಅಂದರೆ ಗಾಳಿ ಹೊಕ್ಕಿದೆ ಎಂದು. ತಡೆಯಲಾಗದ ತಲೆನೋವು, ಜ್ವರ, ದೃಷ್ಟಿಯಲ್ಲಿ ವ್ಯತ್ಯಾಸ. ಮೂಗಿನ ಎರಡೂ ಬದಿ ಒಟ್ಟಿಗೆ ಕಟ್ಟಿ ನೋವು ದಿನದಿನಕ್ಕೆ ಏರುತ್ತಿದ್ದರೆ ನಡುಗೋಡೆಯಲ್ಲಿ ರಕ್ತ ಹೆಪ್ಪುಗಟ್ಟಿರಬಹುದು, ಅದಕ್ಕೆ ಬೆಳಗಾಗುವ ತನಕ ಕಾಯಬಾರದು.

ನನ್ನ ಲೆಕ್ಕ ಹೇಳಿಬಿಡುತ್ತೇನೆ. ನಾಲ್ಕನೇ ವಾರ ಆಟೋ 7ರಿಂದ 12, ಮೂಗಿನ ಮಾಸ್ಕ್. ಹತ್ತನೇ ವಾರಕ್ಕೆ ಪಿಲ್ಲೋ, ಮೊದಲಿಗಿಂತ ಒಂದು ಅಳತೆ ದೊಡ್ಡದು. ಒತ್ತಡ ಈಗ 9ರ ಸುತ್ತ ನಿಂತಿದೆ. ಪೂರ್ಣ ಮಾಸ್ಕನ್ನು ಎಸೆದಿಲ್ಲ. ತೊಳೆದು ಒಣಗಿಸಿ ಕಪಾಟಿನಲ್ಲಿಟ್ಟಿದ್ದೇನೆ, ನೆಗಡಿ ಬಂದ ರಾತ್ರಿಗಳಿಗೆ.